ಮಗು ತಾನಾಗಿ ಕೈಗೆತ್ತಿಕೊಳ್ಳುವ ಕಥೆಪುಸ್ತಕ: ಆರಿಸುವ ಕ್ರಮ, ಹಂತ ಹಂತವಾಗಿ

ಪುಸ್ತಕ ಮೇಳದಿಂದ ಚೀಲ ತುಂಬ ಪುಸ್ತಕ ಮನೆಗೆ ಬರುತ್ತದೆ. ಮೊದಲ ದಿನ ಮಗು ಚಿತ್ರಗಳನ್ನು ತಿರುವಿ ಹಾಕುತ್ತದೆ. ಮರುದಿನದಿಂದ ಅವು ಶೋಕೇಸ್ ಸೇರಿ ದೂಳು ತಿನ್ನುತ್ತವೆ. "ನಮ್ಮ ಹುಡುಗನಿಗೆ ಓದೋ ಹುಚ್ಚೇ ಇಲ್ಲ ಸರ್" ಎಂಬ ದೂರಿನ ಬೆನ್ನು ಹತ್ತಿ ಹೋದರೆ ಹೆಚ್ಚಿನ ಸಲ ಸಿಗುವ ಕಾರಣ ಒಂದೇ. ಪುಸ್ತಕ ಆರಿಸಿದವರು ದೊಡ್ಡವರು, ಅದೂ ಮುಖಪುಟ, ನೀತಿ, ಬೆಲೆ ಈ ಮೂರನ್ನು ಮಾತ್ರ ನೋಡಿ. ಒಳಗಿನ ಒಂದು ಪುಟವನ್ನೂ ಅಂಗಡಿಯಲ್ಲಿ ನಿಂತು ಓದಿರುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಸುಮಾರು 6ರಿಂದ 12 ವರ್ಷದ, ಕನ್ನಡ ಓದುವ ಅಥವಾ ಈಗಷ್ಟೇ ಓದಲು ಕಲಿಯುತ್ತಿರುವ ಮಕ್ಕಳಿಗೆ ಕಥೆಪುಸ್ತಕ ಆರಿಸುವ ವಿಧಾನ. ಇದರಲ್ಲಿ ಕ್ರಮವೇ ಮುಖ್ಯ: ಮೊದಲು ಮಗುವಿನ ಕುತೂಹಲ, ಆಮೇಲೆ ಓದಿನ ಮಟ್ಟ, ಕೊನೆಗೆ ಪುಸ್ತಕ. ಬಹಳಷ್ಟು ಮನೆಗಳಲ್ಲಿ ಇದು ತಿರುಗುಮುರುಗಾಗುತ್ತದೆ.

ಕೈಯಲ್ಲಿ ಇರಬೇಕಾದದ್ದು

ಒಂದು ಸಣ್ಣ ನೋಟ್‌ಬುಕ್, ಪೆನ್ಸಿಲ್, ಅಂಗಡಿಯಲ್ಲಿ ಅವಸರವಿಲ್ಲದ ಒಂದು ಗಂಟೆ, ಮತ್ತು ಮಗು. ಮಗುವನ್ನು ಬಿಟ್ಟು ಹೋಗಿ "ಸರ್‌ಪ್ರೈಸ್" ಕೊಡುವ ಆಸೆ ಇದ್ದರೆ ಅದನ್ನು ಹುಟ್ಟುಹಬ್ಬದ ಬಟ್ಟೆಗೆ ಇಟ್ಟುಕೊಳ್ಳಿ. ಇನ್ನೊಂದು ಮಾತು: ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಬಿಲ್ಲಿನಲ್ಲಿ ಪುಸ್ತಕದ ಬೆಲೆಯ ಮೇಲೆ ತೆರಿಗೆ ಸೇರಿಸಿದ್ದರೆ ಕೇಳಿ.

ಹಂತ 1: ಒಂದು ವಾರ ಮಗುವಿನ ಪ್ರಶ್ನೆಗಳನ್ನು ಬರೆದಿಡಿ

ಅಂಗಡಿಗೆ ಹೋಗುವ ಮುಂಚಿನ ವಾರ ಮಗು ಕೇಳುವ ಪ್ರಶ್ನೆಗಳನ್ನು ಅದರದೇ ಮಾತಿನಲ್ಲಿ ನೋಟ್‌ಬುಕ್ಕಿಗೆ ಇಳಿಸಿ. "ಹಲ್ಲಿ ಬಾಲ ಕಿತ್ತುಬಿದ್ದ ಮೇಲೂ ಯಾಕೆ ಕುಣಿಯುತ್ತೆ?" "ರಾತ್ರಿ ಬಸ್ ಡ್ರೈವರ್‌ಗೆ ನಿದ್ದೆ ಬಂದ್ರೆ?" "ಅಣ್ಣನಿಗೆ ಮಾತ್ರ ಸೈಕಲ್ ಯಾಕೆ?" ಇವನ್ನು "ವಿಜ್ಞಾನ", "ಸಾಮಾನ್ಯ ಜ್ಞಾನ" ಎಂದು ಬದಲಿಸಿ ಬರೆಯಬೇಡಿ. ಹಾಗೆ ಬರೆದ ತಕ್ಷಣ ಮಗುವಿನ ಕುತೂಹಲ ಅಲ್ಲಿಂದ ಜಾರಿ, ನಿಮ್ಮ ಸಿಲೆಬಸ್ ಬಂದು ಕೂರುತ್ತದೆ.

ವಾರದ ಕೊನೆಗೆ ಪಟ್ಟಿಯನ್ನು ಮತ್ತೊಮ್ಮೆ ಓದಿ, ಪ್ರತಿ ಪ್ರಶ್ನೆಯ ಹಿಂದೆ ಯಾವ ಬಗೆಯ ಕಥೆ ಅಡಗಿದೆ ನೋಡಿ. ಹಲ್ಲಿಯ ಬಾಲದ ಪ್ರಶ್ನೆ ಪ್ರಾಣಿಯ ಬಗ್ಗೆ ಇದ್ದಷ್ಟೇ ತಪ್ಪಿಸಿಕೊಳ್ಳುವುದರ ಬಗ್ಗೆಯೂ ಇದೆ. ಬಸ್ಸಿನದು ಅಪಾಯದ ಪ್ರಶ್ನೆ, ಸೈಕಲ್ಲಿನದು ನ್ಯಾಯದ ಪ್ರಶ್ನೆ. ಹಲ್ಲಿಯ ಬಗ್ಗೆ ಕೇಳಿದ ಹುಡುಗಿಗೆ ಸರೀಸೃಪಗಳ ಮಾಹಿತಿಕೋಶ ಕೊಡುವುದಕ್ಕಿಂತ, ಸಿಕ್ಕಿಬಿದ್ದ ಪ್ರಾಣಿಯೊಂದು ಉಪಾಯ ಹೂಡಿ ಪಾರಾಗುವ ಕಥೆ ಮೊದಲು ಕೊಡಿ. ಮಾಹಿತಿಕೋಶವನ್ನು ಆಮೇಲೆ ಅವಳೇ ಕೇಳುತ್ತಾಳೆ.

ಎಚ್ಚರಿಕೆ: ಪಟ್ಟಿಯಲ್ಲಿ ಎಲ್ಲವೂ "ಗ್ರಹಗಳು", "ಸ್ವಾತಂತ್ರ್ಯ ಹೋರಾಟ", "ಉತ್ತಮ ಹವ್ಯಾಸಗಳು" ಎಂದೇ ಇದ್ದರೆ ಅದು ಮಗುವಿನ ಪಟ್ಟಿಯಲ್ಲ, ನಿಮ್ಮದು. ಇನ್ನೊಂದು ವಾರ ಕಾಯಿರಿ.

ಹಂತ 2: ಕಿವಿಯ ಮಟ್ಟ ಬೇರೆ, ಕಣ್ಣಿನ ಮಟ್ಟ ಬೇರೆ

ಮಗು ಕೇಳಿ ಸವಿಯುವ ಕಥೆ, ತಾನೇ ಓದಬಲ್ಲ ಕಥೆಗಿಂತ ಯಾವಾಗಲೂ ಮುಂದಿರುತ್ತದೆ. ಏಳು ವರ್ಷದ ಹುಡುಗ ಅಜ್ಜಿಯ ಬಾಯಲ್ಲಿ ಇಡೀ ಮಹಾಭಾರತ ಕೇಳಬಲ್ಲ, ಆದರೆ "ಧೃತರಾಷ್ಟ್ರ" ಎಂಬ ಹೆಸರನ್ನು ಅಚ್ಚಿನಲ್ಲಿ ಕಂಡರೆ ಅಲ್ಲೇ ನಿಲ್ಲುತ್ತಾನೆ. ಎರಡಕ್ಕೂ ಒಂದೇ ಪುಸ್ತಕ ಹುಡುಕಿದರೆ ಎರಡೂ ಕೆಡುತ್ತವೆ. ಆದ್ದರಿಂದ ಎರಡು ಗುಂಪು ಮಾಡಿ: ನೀವು ಓದಿ ಹೇಳುವವು, ಮಗು ತಾನೇ ಓದುವವು.

ಕಣ್ಣಿನ ಮಟ್ಟ ತಿಳಿಯಲು ಮನೆಯಲ್ಲಿರುವ ಯಾವುದಾದರೂ ಕಥೆಯ ಒಂದು ಪುಟ ಗಟ್ಟಿಯಾಗಿ ಓದಿಸಿ. ಒಂದು ಪುಟದಲ್ಲಿ ಐದು ಪದ ತಡವರಿಸಿದರೆ ಪುಸ್ತಕ ಕಷ್ಟ ಎಂಬ ಬೆರಳೆಣಿಕೆಯ ಲೆಕ್ಕ ಎಲ್ಲೆಡೆ ಓಡಾಡುತ್ತಿದೆ. ಅದು ಇಂಗ್ಲಿಷ್ ಪುಟಕ್ಕೆ ಮಾಡಿದ ಲೆಕ್ಕ. ಕನ್ನಡದಲ್ಲಿ "ಹೋಗಬೇಕಾಗಿತ್ತಂತೆ" ಎಂಬುದು ಒಂದೇ ಪದ, ಇಂಗ್ಲಿಷಿನಲ್ಲಿ ಅದಕ್ಕೆ ನಾಲ್ಕೈದು ಬೇಕು. ಹೀಗಾಗಿ ಪದ ಎಣಿಸುವ ಬದಲು ಸಾಲು ನೋಡಿ. ಹೆಚ್ಚುಕಡಿಮೆ ಪ್ರತಿ ಸಾಲಿನಲ್ಲೂ ನಿಂತರೆ ಅದು ನೀವು ಓದಿ ಹೇಳುವ ಪುಸ್ತಕ. ಪುಟಕ್ಕೆ ಒಂದೋ ಎರಡೋ ಕಡೆ ಎಡವಿ ತಾನೇ ಸರಿಪಡಿಸಿಕೊಂಡರೆ ಅದು ಮಗುವಿನದು.

ಎಲ್ಲಿ ಎಡವಿತು ಎಂಬುದನ್ನೂ ಗುರುತು ಮಾಡಿಕೊಳ್ಳಿ. ಸರ್ಕಾರಿ ಶಾಲೆಯ ಆರಂಭದ ತರಗತಿಗಳ ನಲಿ-ಕಲಿ ಪದ್ಧತಿಯಲ್ಲಿ ಅಕ್ಷರ ಕಲಿಕೆ "ಅ ಆ ಇ ಈ" ಇಂದ ಶುರುವಾಗುವುದಿಲ್ಲ. ರ, ಗ, ಸ, ದ, ಅ ಎಂದು ಬರೆಯಲು ಸುಲಭವಾದವುಗಳಿಂದ ಶುರುವಾಗುತ್ತದೆ. ಕಾಗುಣಿತ ಆಮೇಲೆ, ಒತ್ತಕ್ಷರ ಇನ್ನೂ ಆಮೇಲೆ. ಒಂದನೇ ತರಗತಿಯ ಮಗು "ಗರಗಸ" ಓದಿ ಹಿಗ್ಗುತ್ತದೆ, "ಅಸ್ತವ್ಯಸ್ತ" ನೋಡಿದ್ದೇ ಪುಸ್ತಕ ಮಡಚುತ್ತದೆ. ಅಂಥ ಮಗುವಿಗೆ ಪುಟದಲ್ಲಿ ಒತ್ತಕ್ಷರ ಕಡಿಮೆ ಇರುವ, ಒಂದೇ ಸಾಲು ಮತ್ತೆ ಮತ್ತೆ ಮರಳಿ ಬರುವ ಕಥೆ ಹುಡುಕಿ. ಸಜಾತಿ ಒತ್ತು (ಅಕ್ಕ, ಅಪ್ಪ, ಬೆಟ್ಟ) ತೊಂದರೆ ಕೊಡುವುದು ಕಡಿಮೆ. ವಿಜಾತಿ ಒತ್ತು ಮತ್ತು ಅರ್ಕಾವತ್ತು ತುಂಬಿದ ಪುಟವೇ ಅಡ್ಡಗೋಡೆ.

ಓದಿ ಮುಗಿದ ಮೇಲೆ "ಏನು ಅರ್ಥವಾಯ್ತು ಹೇಳು" ಎನ್ನಬೇಡಿ, ಅದು ಪರೀಕ್ಷೆ. "ಮುಂದೆ ಏನಾಗಬಹುದು?" ಎಂದು ಕೇಳಿ. ತಪ್ಪೋ ಸರಿಯೋ ಏನಾದರೊಂದು ಊಹಿಸಿದರೆ ಕಥೆ ಒಳಗಿಳಿದಿದೆ.

ಪುಸ್ತಕದ ಬೆನ್ನಿನ ಮೇಲಿನ "8+" ಎಂಬ ಮುದ್ರೆಯನ್ನು ನಂಬಿ ಕೊಳ್ಳುವುದು ಈ ಹಂತದ ಸಾಮಾನ್ಯ ತಪ್ಪು. ಅದು ಪ್ರಕಾಶಕರ ಅಂದಾಜು. ನಿಮ್ಮ ಮಗು ಇಂಗ್ಲಿಷ್ ಮಾಧ್ಯಮದಲ್ಲಿದ್ದು ಕನ್ನಡ ದ್ವಿತೀಯ ಭಾಷೆಯಾಗಿದ್ದರೆ, ವಯಸ್ಸು ಹತ್ತು ಆದರೂ ಕನ್ನಡದ ಕಣ್ಣಿನ ಮಟ್ಟ ಏಳರಲ್ಲೇ ಇರಬಹುದು. ಹಾಗೆಂದು "ಕಾಗೆ ಮತ್ತು ಹೂಜಿ" ಕೊಟ್ಟರೆ ಅವಮಾನವಾಗುತ್ತದೆ. ಅಂಥವರಿಗೆ ಸಾಲು ಚಿಕ್ಕದು, ಸಂಗತಿ ದೊಡ್ಡದು ಎನ್ನುವಂಥ ಪುಸ್ತಕ ಬೇಕು. ಪತ್ತೇದಾರಿಕೆ, ಶಾಲೆಯ ಜಗಳ, ಕಾಡಿನ ಸಾಹಸ ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತವೆ. ಚಿತ್ರಕಥೆಗಳನ್ನೂ ಕೀಳಾಗಿ ಕಾಣಬೇಡಿ.

ಹಂತ 3: ಮೊದಲು ಎರವಲು ತನ್ನಿ, ಆಮೇಲೆ ಕೊಳ್ಳಿ

ಮಗುವಿನ ರುಚಿ ಗೊತ್ತಾಗುವ ಮುಂಚೆ ದುಡ್ಡು ಸುರಿಯಬೇಡಿ. ಕರ್ನಾಟಕದಲ್ಲಿ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ಕಟ್ಟುತ್ತೀರಿ, ಆ ಹಣ ಹೋಗುವ ಜಾಗಕ್ಕೆ ಒಮ್ಮೆ ಹೋಗಿ ಬನ್ನಿ. ಹಳ್ಳಿಯಾದರೆ ಗ್ರಾಮ ಪಂಚಾಯಿತಿ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರ. 2020ರಲ್ಲಿ ಶುರುವಾದ "ಓದುವ ಬೆಳಕು" ಕಾರ್ಯಕ್ರಮದಡಿ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಕೆಲವು ಕಡೆ ಮಕ್ಕಳ ಕಪಾಟು ಚೆನ್ನಾಗಿದೆ, ಕೆಲವು ಕಡೆ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳೇ ತುಂಬಿವೆ. ಹೋಗಿ ನೋಡದೆ ತಿಳಿಯುವುದಿಲ್ಲ.

ಮೊಬೈಲಿನಲ್ಲಾದರೆ ಪ್ರಥಮ್ ಬುಕ್ಸ್ ನಡೆಸುವ ಸ್ಟೋರಿವೀವರ್ ಎಂಬ ಜಾಲತಾಣ ಇದೆ. ಕನ್ನಡದ ಚಿತ್ರಪುಸ್ತಕಗಳನ್ನು ಪುಕ್ಕಟೆ ಓದಬಹುದು, ಇಳಿಸಿಕೊಳ್ಳಬಹುದು. ಅಲ್ಲಿ ಕಥೆಗಳಿಗೆ 1ರಿಂದ 4ರವರೆಗೆ ಮಟ್ಟ ಕೊಟ್ಟಿರುತ್ತಾರೆ. ಮಟ್ಟಕ್ಕೆರಡರಂತೆ ಓದಿಸಿ ನೋಡಿದರೆ ಹಂತ 2ರ ಕೆಲಸ ಕಾಸಿಲ್ಲದೆ ಮುಗಿಯುತ್ತದೆ. ಅಲ್ಲಿ ಅನುವಾದಗಳು ಬಹಳ, ಗುಣಮಟ್ಟ ಒಂದೇ ಸಮ ಇರುವುದಿಲ್ಲ. ಆದ್ದರಿಂದ ಮುಂದಿನ ಹಂತದ ಪರೀಕ್ಷೆ ಅವಕ್ಕೂ ಬೇಕು.

ಕೊಳ್ಳುವಾಗ ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆ, ನವಕರ್ನಾಟಕದ ಮಕ್ಕಳ ಪುಸ್ತಕಗಳು, ತೂಲಿಕಾ ಮತ್ತು ಪ್ರಥಮ್ ತರುವ ಚಿತ್ರಪುಸ್ತಕಗಳಿಂದ ಹುಡುಕಾಟ ಶುರು ಮಾಡಬಹುದು. ಅವಸರವಿಲ್ಲದಿದ್ದರೆ ನವೆಂಬರಿನವರೆಗೆ ತಡೆಯಿರಿ, ರಾಜ್ಯೋತ್ಸವದ ರಿಯಾಯಿತಿ ಸಿಗುತ್ತದೆ. "ಹತ್ತು ಪುಸ್ತಕದ ಸೆಟ್, ಅರ್ಧ ಬೆಲೆ" ಎಂಬ ಕಟ್ಟಿಗೆ ಮಾತ್ರ ಕೈ ಹಾಕಬೇಡಿ. ಸೀಲು ಒಡೆದು ಒಳಗೆ ನೋಡಲು ಬಿಡದ ಸೆಟ್ಟು ಯಾವ ಬೆಲೆಗೂ ಅಗ್ಗವಲ್ಲ.

ಹಂತ 4: ಅಂಗಡಿಯಲ್ಲಿ ನಿಂತು ಮೂರು ಕಡೆ ಓದಿ

ಉಳಿದೆಲ್ಲ ಬಿಟ್ಟರೂ ಇದೊಂದನ್ನು ಬಿಡಬೇಡಿ.

*ಮೊದಲ ಪುಟ.* ಯಾರಿಗೆ ಏನು ಬೇಕಾಗಿದೆ? ಅದಕ್ಕೆ ಅಡ್ಡ ಬಂದದ್ದೇನು? ಈ ಎರಡಕ್ಕೂ ಮೊದಲ ಪುಟದಲ್ಲಿ, ತಪ್ಪಿದರೆ ಎರಡನೆಯದರಲ್ಲಿ, ಉತ್ತರ ಸಿಗಬೇಕು. ತೋರಿಸಲೆಂದೇ ಎರಡು ಆರಂಭಗಳನ್ನು ಬರೆದಿದ್ದೇನೆ, ನೋಡಿ.

"ಒಂದು ಊರಿನಲ್ಲಿ ಸುರೇಶ ಎಂಬ ಒಳ್ಳೆಯ ಬಾಲಕನಿದ್ದನು. ಅವನು ದಿನಾಲೂ ಬೇಗನೆ ಏಳುತ್ತಿದ್ದನು. ಹಿರಿಯರಿಗೆ ವಿಧೇಯನಾಗಿದ್ದನು. ಎಲ್ಲರೂ ಅವನನ್ನು ಮೆಚ್ಚುತ್ತಿದ್ದರು."

"ಅಜ್ಜಿಯ ಹಲ್ಲುಸೆಟ್ಟು ಕಾಣೆಯಾಗಿತ್ತು. ಸಂಜೆ ಮದುವೆಮನೆಗೆ ಹೋಗಬೇಕು. ಅದನ್ನು ಕೊನೆಗೆ ಮುಟ್ಟಿದವಳು ತಾನೇ ಎಂದು ಗಂಗಿ ಯಾರಿಗೂ ಹೇಳಲಿಲ್ಲ."

ಸುರೇಶನಿಗೆ ಏನೂ ಬೇಕಾಗಿಲ್ಲ, ಆದ್ದರಿಂದ ಅವನಿಗೇನಾದರೂ ನಮಗೂ ಬೇಕಾಗಿಲ್ಲ. ಎರಡನೆಯದರಲ್ಲಿ ವಸ್ತು ಕಳೆದಿದೆ, ಸಂಜೆಯ ಗಡುವಿದೆ, ಮುಚ್ಚಿಟ್ಟ ಗುಟ್ಟಿದೆ, ಮೂರೇ ಸಾಲಿನಲ್ಲಿ. ಹಲ್ಲುಸೆಟ್ಟಿನ ಬದಲು ರಾಜಕುಮಾರನ ಕಿರೀಟ ಇದ್ದರೂ ಲೆಕ್ಕ ಇದೇ. ಒತ್ತಕ್ಷರಗಳನ್ನೂ ಎಣಿಸಿ ನೋಡಿ, ಎರಡನೆಯದರಲ್ಲೇ ಕಡಿಮೆ ಇವೆ. ಓದಲು ಸುಲಭವಾದ ಕಥೆ ಸಪ್ಪೆಯಾಗಿರಲೇಬೇಕು ಎಂಬ ನಿಯಮ ಯಾರೂ ಮಾಡಿಲ್ಲ.

*ನಡುವಿನ ಪುಟ.* ಪುಸ್ತಕವನ್ನು ಸರಿಯಾಗಿ ಅರ್ಧಕ್ಕೆ ತೆರೆದು ಕ್ರಿಯಾಪದಗಳನ್ನು ಗಮನಿಸಿ. ಓಡಿದ್ದು, ಅಡಗಿದ್ದು, ಸುಳ್ಳು ಹೇಳಿದ್ದು, ಕಂಡುಹಿಡಿದದ್ದು ಯಾರು? ಕಥೆಯ ಮಗುವೇ ಆದರೆ ಸರಿ. ಮೇಷ್ಟ್ರು ವಿವರಿಸಿದರು, ಅಪ್ಪ ತಿಳಿಹೇಳಿದರು, ಋಷಿಗಳು ಅನುಗ್ರಹಿಸಿದರು ಎಂದೇ ಪುಟ ತುಂಬಿದ್ದರೆ ಮಕ್ಕಳು ಅಲ್ಲಿಂದ ಎದ್ದು ಹೋಗುತ್ತಾರೆ. ಮಾತುಗಳನ್ನೂ ಕೇಳಿಸಿಕೊಳ್ಳಿ. ಆರು ವರ್ಷದ ಪಾತ್ರ "ತಾಯೇ, ನನಗೆ ಹಸಿವಾಗಿದೆ, ದಯವಿಟ್ಟು ಆಹಾರ ನೀಡು" ಎನ್ನುತ್ತಿದ್ದರೆ ಪುಸ್ತಕ ವಾಪಸ್ ಕಪಾಟಿಗೆ. ಧಾರವಾಡದ ಕಡೆಯ, ಕುಂದಾಪುರದ ಕಡೆಯ ಮಾತು ಸಂಭಾಷಣೆಯಲ್ಲಿ ಬಂದರೆ ಹೆದರಬೇಡಿ. ಗಟ್ಟಿಯಾಗಿ ಓದಿದಾಗ ಮಕ್ಕಳು ಮೊದಲು ನಗುತ್ತಾರೆ, ಆಮೇಲೆ ಅದೇ ಮಾತನ್ನು ಮನೆಯಲ್ಲಿ ಆಡಿಕೊಂಡು ತಿರುಗುತ್ತಾರೆ.

ಅನುವಾದವಾದರೆ ಇನ್ನೊಂದು ಗುರುತು ಇದೆ. "ಅವನು ತನ್ನ ಕೈಗಳನ್ನು ತನ್ನ ಜೇಬುಗಳಲ್ಲಿ ಇರಿಸಿಕೊಂಡು ತನ್ನ ತಾಯಿಯ ಕಡೆಗೆ ನೋಡಿದನು" ಎಂಬಂಥ ಸಾಲು ಪುಟಕ್ಕೆರಡು ಸಿಕ್ಕರೆ ಬಿಟ್ಟುಬಿಡಿ. "ಕೈ ಜೇಬಿಗಿಳಿಸಿ ಅಮ್ಮನ ಕಡೆ ನೋಡಿದ" ಎಂದು ಬರೆಯಬಲ್ಲವರು ಅನುವಾದಿಸಿದ್ದು ಸಿಕ್ಕರೆ ಬೇರೆ ದೇಶದ ಕಥೆಯೂ ನಮ್ಮದಾಗುತ್ತದೆ.

*ಕೊನೆಯ ಐದು ಸಾಲು.* ತಿರುವು ತಿಳಿದುಹೋದರೂ ಪರವಾಗಿಲ್ಲ, ಓದುವುದು ನೀವಲ್ಲ. "ನೀತಿ:" ಎಂಬ ಸಾಲು ಇದ್ದರೆ ಅದನ್ನು ಹೆಬ್ಬೆರಳಿನಿಂದ ಮುಚ್ಚಿ ಮೇಲಿನದನ್ನು ಓದಿ. ಕಥೆ ನಿಲ್ಲುತ್ತದೆಯೇ? ನಿಂತರೆ ಕೊಳ್ಳಿ, ನೀತಿಯ ಸಾಲನ್ನು ಓದದೆ ಬಿಟ್ಟರಾಯಿತು. ಪಂಚತಂತ್ರದ ಒಳ್ಳೆಯ ನಿರೂಪಣೆಗಳು ಹೀಗೆ ನಿಲ್ಲುತ್ತವೆ, ಯಾಕೆಂದರೆ ಅಲ್ಲಿ ಮೊಲಕ್ಕೆ ಬದುಕಬೇಕಾಗಿದೆ, ಸಿಂಹಕ್ಕೆ ತಿನ್ನಬೇಕಾಗಿದೆ. ನೀತಿಗಾಗಿಯೇ ಹೆಣೆದ ಕಥೆ ಹೆಬ್ಬೆರಳಿನಡಿ ಕುಸಿಯುತ್ತದೆ.

ಚಿತ್ರಪುಸ್ತಕವಾದರೆ ಇದರ ಜೊತೆಗೆ ಒಂದು ಚಿತ್ರವನ್ನೂ ಪರೀಕ್ಷಿಸಿ: ಮಾತು ಹೇಳದ ಸಂಗತಿಯೇನಾದರೂ ಅದರಲ್ಲಿದೆಯೇ? ಬಾಗಿಲ ಸಂದಿಯಲ್ಲಿ ಇಣುಕುವ ಬೆಕ್ಕು, ಮಂಚದ ಕೆಳಗೆ ಒಂಟಿ ಚಪ್ಪಲಿ. ಅಕ್ಷರ ಬಾರದ ತಮ್ಮ ಅದನ್ನು ಮೊದಲು ಕಂಡುಹಿಡಿದು ಅಕ್ಷರ ಬರುವ ಅಕ್ಕನಿಗೆ ತೋರಿಸುತ್ತಾನೆ.

ಹಂತ 5: "ಕಥೆಯ ಮೂಲಕ ವಿಜ್ಞಾನ" ಎಂದಿದ್ದರೆ ಇನ್ನೆರಡು ಪರೀಕ್ಷೆ

ಕುತೂಹಲದ ಮಕ್ಕಳ ಅಪ್ಪ ಅಮ್ಮ ಹೆಚ್ಚು ಮೋಸ ಹೋಗುವುದು ಇಲ್ಲೇ. ಮುಖಪುಟದಲ್ಲಿ ರಾಕೆಟ್ಟು, ಒಳಗೆ ಪಾಠ. ಚಿಂಟು ಪ್ರಶ್ನೆ ಕೇಳುತ್ತಾನೆ, ತಾತ ಎರಡು ಪುಟ ಉತ್ತರ ಹೇಳುತ್ತಾರೆ, ಚಿಂಟು "ಓಹೋ ಹಾಗೋ!" ಎನ್ನುತ್ತಾನೆ, ಮತ್ತೆ ಪ್ರಶ್ನೆ. ಇದು ಕಥೆಯ ಅಂಗಿ ತೊಟ್ಟ ಗೈಡು.

ಮೊದಲ ಪರೀಕ್ಷೆ: ಆ ವಿಜ್ಞಾನದ ಸಂಗತಿಯನ್ನು ತೆಗೆದುಹಾಕಿದರೆ ಕಥೆ ಮುಂದಕ್ಕೆ ಹೋಗುತ್ತದೆಯೇ? ಹೋಗುವುದಾದರೆ ಅದು ಸುಮ್ಮನೆ ಅಂಟಿಸಿದ್ದು. ಬಾವಲಿ ಕತ್ತಲಲ್ಲಿ ತಾನು ಹೊರಡಿಸಿದ ಸದ್ದಿನ ಪ್ರತಿಧ್ವನಿಯಿಂದಲೇ ದಾರಿ ಕಾಣುತ್ತದೆ ಎಂಬುದು ಗೊತ್ತಾದ್ದರಿಂದಲೇ ಗುಹೆಯಲ್ಲಿ ಸಿಕ್ಕ ಮಕ್ಕಳು ಪಾರಾಗುವುದಾದರೆ, ಸಂಗತಿ ಕಥೆಯ ಕೀಲಿಯಾಗಿದೆ. ಅಂಥದ್ದು ನೆನಪಿನಲ್ಲಿ ಉಳಿಯುತ್ತದೆ.

ಎರಡನೆಯದು: ನಿಮಗೆ ಖಚಿತವಾಗಿ ಗೊತ್ತಿರುವ ಒಂದು ಸಂಗತಿ ಹಿಡಿದು ನೋಡಿ. ಪ್ಲೂಟೊ 2006ರಿಂದ ಕುಬ್ಜ ಗ್ರಹ. ಪುಸ್ತಕ ಇನ್ನೂ ಒಂಬತ್ತು ಗ್ರಹ ಎಣಿಸುತ್ತಿದ್ದರೆ ಹಳೆಯದು, ಇಲ್ಲವೇ ಹಳೆಯದರ ನಕಲು. ಒಂಟೆಯ ಡುಬ್ಬದಲ್ಲಿರುವುದು ಕೊಬ್ಬು, ನೀರಲ್ಲ. ಹಾವಿಗೆ ಹಾಲು ಆಹಾರವಲ್ಲ. ಉಷ್ಟ್ರಪಕ್ಷಿ ಹೆದರಿ ಮರಳಿನಲ್ಲಿ ತಲೆ ಹೂಳುವುದಿಲ್ಲ. ಈ ನಾಲ್ಕರಲ್ಲಿ ಒಂದು ತಪ್ಪು ಸಿಕ್ಕರೂ ಉಳಿದದ್ದನ್ನು ನಂಬುವುದು ಕಷ್ಟ. ಜಾನಪದ ಕಥೆಗೆ ಈ ಪರೀಕ್ಷೆ ಬೇಡ. ಅಲ್ಲಿ ಹಾವು ಹಾಲು ಕುಡಿಯಲಿ, ಮಾತಾಡಲಿ, ಮದುವೆಯೂ ಆಗಲಿ. ಅದು ಯಾರಿಗೂ ಪಾಠ ಹೇಳುತ್ತಿಲ್ಲ.

ಹಂತ 6: ಪುಸ್ತಕದ ಮೈಕಟ್ಟು

ಇದು ಎರಡು ನಿಮಿಷದ ಕೆಲಸ. ಪುಸ್ತಕವನ್ನು ಮೇಜಿನ ಮೇಲೆ ತೆರೆದಿಡಿ, ತಾನಾಗಿ ಮುಚ್ಚಿಕೊಳ್ಳುತ್ತದೆಯೇ ನೋಡಿ. ಚಿಕ್ಕ ಮಕ್ಕಳಿಗೆ ನಡುವೆ ಪಿನ್ನು ಹೊಡೆದ ತೆಳು ಪುಸ್ತಕ ಒಳ್ಳೆಯದು, ಚಪ್ಪಟೆಯಾಗಿ ಬಿಚ್ಚಿಕೊಳ್ಳುತ್ತದೆ. ಒತ್ತಕ್ಷರ ಮೇಲಿನ ಸಾಲಿನಿಂದ ಇಳಿದು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿದ್ದರೆ ಸಾಲಿನ ಅಂತರ ಸಾಲದು. ಬಣ್ಣದ ಚಿತ್ರದ ಮೇಲೆಯೇ ಅಕ್ಷರ ಅಚ್ಚಾಗಿದ್ದರೆ ಹೊಸ ಓದುಗರಿಗೆ ಹಿಂಸೆ.

ಎಚ್ಚರಿಕೆಯ ಗುರುತು: ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿರುವುದು, ಪದದ ನಡುವೆ ಇದ್ದಕ್ಕಿದ್ದಂತೆ ಖಾಲಿ ಜಾಗ. ಹಳೆಯ ಫಾಂಟಿನಿಂದ ಈಗಿನ ಕಂಪ್ಯೂಟರ್ ಅಕ್ಷರವ್ಯವಸ್ಥೆಯಾದ ಯುನಿಕೋಡ್‌ಗೆ ಬದಲಿಸಿ ಕರಡು ತಿದ್ದದೆ ಅಚ್ಚಿಗೆ ಕಳಿಸಿದರೆ ಹೀಗಾಗುತ್ತದೆ. ದೊಡ್ಡವರು ಊಹಿಸಿಕೊಂಡು ಮುಂದೆ ಹೋಗುತ್ತಾರೆ, ಎರಡನೇ ತರಗತಿಯ ಮಗು ತನ್ನದೇ ತಪ್ಪು ಎಂದುಕೊಳ್ಳುತ್ತದೆ.

ಹಂತ 7: ಮೂರೇ ಪುಸ್ತಕ ತನ್ನಿ

ಒಂದು ನೀವು ಓದಿ ಹೇಳಲು. ಒಂದು ಮಗು ತಾನೇ ಓದಲು. ಇನ್ನೊಂದು ಪೂರ್ತಿ ಮಗುವಿನ ಆಯ್ಕೆ, ನಿಮ್ಮ ಯಾವ ಪರೀಕ್ಷೆಯೂ ಇಲ್ಲದೆ. ಮೂರನೆಯದು ಕಾರ್ಟೂನಿನದೋ ದೆವ್ವದ್ದೋ ಆಗಿದ್ದರೆ ಹುಬ್ಬು ಗಂಟಿಕ್ಕಬೇಡಿ. ಉಳಿದೆರಡನ್ನು ಮುಟ್ಟಿಸುವ ಶಕ್ತಿ ಅದಕ್ಕಿದೆ.

ಮನೆಗೆ ತಂದ ಮೇಲೆ ಗಾಜಿನ ಶೋಕೇಸಿನಲ್ಲಿ ಬೆನ್ನು ಕಾಣುವಂತೆ ನಿಲ್ಲಿಸಬೇಡಿ. ಕನ್ನಡದ ತೆಳು ಪುಸ್ತಕಗಳಿಗೆ ಹೆಸರು ಬರೆಯುವಷ್ಟು ಬೆನ್ನೇ ಇರುವುದಿಲ್ಲ, ನಿಲ್ಲಿಸಿದರೆ ಮಾಯವಾಗುತ್ತವೆ. ಮಗುವಿನ ಕೈಗೆ ಎಟುಕುವ ಎತ್ತರದಲ್ಲಿ ಗೋಡೆಗೆ ಹಗ್ಗ ಕಟ್ಟಿ ಮುಖಪುಟ ಕಾಣುವಂತೆ ನೇತುಹಾಕಿ, ಅಥವಾ ಒಂದು ಬುಟ್ಟಿಯಲ್ಲಿಡಿ.

ಓದಿ ಹೇಳುವ ಪುಸ್ತಕವನ್ನು ಗಂಗಿ ಮಂಚದ ಕೆಳಗೆ ಕೈ ಹಾಕಿದ ಕ್ಷಣದಲ್ಲೇ ನಿಲ್ಲಿಸಿ, ದೀಪ ಆರಿಸಿ. ಗಲಾಟೆ ಆಗುತ್ತದೆ, ಆಗಲಿ. ಬೆಳಿಗ್ಗೆ ಮಗು ತಾನೇ ಮುಂದಿನ ಪುಟ ಬಿಡಿಸಿಕೊಂಡು ಕೂತಿದ್ದರೆ "ಜೋರಾಗಿ ಓದು, ನೋಡೋಣ" ಎಂದು ಅಡ್ಡಬಾಯಿ ಹಾಕಬೇಡಿ.

ಹಂತ 8: ಎರಡು ವಾರದ ನಂತರ ಗುರುತುಗಳನ್ನು ಓದಿ

ಒಂದೇ ಪುಸ್ತಕ ಮತ್ತೆ ಮತ್ತೆ ಓದುತ್ತಿದೆ: ಇದು ಒಳ್ಳೆಯದು, ಕಿತ್ತಿಡಬೇಡಿ. ಮೂರನೇ ಸಲಕ್ಕೆ ಮಗು ಓದುತ್ತಿರುವುದು ಕಥೆಯನ್ನಲ್ಲ, ಭಾಷೆಯನ್ನು.

ಹತ್ತು ಪುಟಕ್ಕೆ ಬಿಟ್ಟಿದೆ: ಎಲ್ಲಿ ಬಿಟ್ಟಿತು ನೋಡಿ. ಒತ್ತಕ್ಷರದ ಕಾಡು ಶುರುವಾದಲ್ಲಿ ಬಿಟ್ಟಿದ್ದರೆ ಮಟ್ಟದ ತೊಂದರೆ, ಆ ಪುಟಗಳನ್ನು ನೀವು ಓದಿ ದಾಟಿಸಿ. ಉಪದೇಶ ಶುರುವಾದಲ್ಲಿ ಬಿಟ್ಟಿದ್ದರೆ ಮಗುವಿನ ತೀರ್ಮಾನ ಸರಿಯಾಗಿದೆ.

ಚಿತ್ರ ಮಾತ್ರ ನೋಡುತ್ತಿದೆ: ಮಟ್ಟ ಒಂದು ಮೆಟ್ಟಿಲು ಇಳಿಸಿ.

ಎಲ್ಲ ಪುಸ್ತಕವನ್ನೂ ಮೂಗಿನ ಹತ್ತಿರ ಹಿಡಿಯುತ್ತಿದೆ, ಸಾಲು ತಪ್ಪಿಸುತ್ತಿದೆ, ಓದಿದರೆ ತಲೆನೋವು ಎನ್ನುತ್ತಿದೆ: ಪುಸ್ತಕ ಬದಲಿಸುವ ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿ. ಕಣ್ಣು ಸರಿ ಇದ್ದು, ಜೊತೆಯವರೆಲ್ಲ ಓದುತ್ತಿರುವ ಪದಗಳು ತಿಂಗಳುಗಟ್ಟಲೆ ಕೂಡಿಬರದಿದ್ದರೆ ಶಾಲೆಯ ಮೇಷ್ಟ್ರ ಹತ್ತಿರ ಕೂತು ಮಾತಾಡಿ. ಬೈದರೆ ಸರಿಹೋಗುವ ವಿಷಯ ಅದಲ್ಲ.

ಹೊರದೇಶದಲ್ಲಿ, ಹೊರರಾಜ್ಯದಲ್ಲಿ ಇರುವವರಿಗೆ

ಪುಣೆಯಲ್ಲೋ ಡಲ್ಲಾಸಿನಲ್ಲೋ ಬೆಳೆಯುವ ಮಕ್ಕಳಿಗೆ ಹೆಚ್ಚಾಗಿ ಕನ್ನಡ ಕಿವಿಗೆ ಬರುತ್ತದೆ, ಕಣ್ಣಿಗೆ ಬರುವುದಿಲ್ಲ. ಅವರಿಗೆ ಹಂತ 2ರ ಮೊದಲ ಗುಂಪು ಮಾತ್ರ ಇಟ್ಟುಕೊಂಡು ಒಂದು ವರ್ಷ ಕಳೆದರೂ ನಷ್ಟವಿಲ್ಲ. ಊರಿನಿಂದ ಅಜ್ಜ ಅಜ್ಜಿ ವಿಡಿಯೊ ಕಾಲ್‌ನಲ್ಲಿ ಓದುವುದಾದರೆ ಒಂದೇ ಪುಸ್ತಕದ ಎರಡು ಪ್ರತಿ ಕೊಂಡು ಒಂದನ್ನು ಅವರ ಹತ್ತಿರ ಬಿಟ್ಟು ಬನ್ನಿ, ಮಗು ತನ್ನ ಪ್ರತಿಯಲ್ಲಿ ಬೆರಳಿಟ್ಟು ಹಿಂಬಾಲಿಸಲಿ.

ಮುಂದಿನ ಪುಸ್ತಕ ಹುಡುಕುವುದು

ಒಂದು ಹಿಡಿಸಿತೆಂದರೆ ಅದೇ ವಿಷಯದ ಇನ್ನೊಂದಕ್ಕೆ ಓಡಬೇಡಿ. ನಾನು ನಡೆಸುವ ಭಾನುವಾರದ ಓದುಕೂಟದಲ್ಲಿ ಆನೆಯ ಕಥೆ ಇಷ್ಟಪಟ್ಟ ಹುಡುಗಿಗೆ ಇನ್ನೆರಡು ಆನೆ ಪುಸ್ತಕ ಕೊಟ್ಟರೆ ಮುಟ್ಟಲಿಲ್ಲ. ಅವಳಿಗೆ ಹಿಡಿಸಿದ್ದು ಮರಿಯೊಂದು ಹಿಂಡು ತಪ್ಪಿದ್ದು; ಆಮೇಲೆ ಜಾತ್ರೆಯಲ್ಲಿ ತಪ್ಪಿಹೋದ ತಮ್ಮನ ಕಥೆಯನ್ನು ಒಂದೇ ಸಲ ಕೂತು ಮುಗಿಸಿದಳು. ಆದ್ದರಿಂದ "ಯಾವ ಜಾಗ ಚೆನ್ನಾಗಿತ್ತು, ತೋರಿಸು" ಎಂದು ಕೇಳಿ, ಆ ಪುಟದಲ್ಲಿ ನಡೆಯುತ್ತಿರುವುದೇನೆಂದು ಓದಿ, ಹಂತ 1ರ ಪಟ್ಟಿಯ ಕೆಳಗೆ ಅದನ್ನು ಬರೆದುಕೊಳ್ಳಿ. ಬರಹಗಾರರ ಮತ್ತು ಚಿತ್ರ ಬರೆದವರ ಹೆಸರನ್ನೂ ಪಕ್ಕದಲ್ಲಿ ಗುರುತು ಹಾಕಿ. ಮುಂದಿನ ಸಲ ಅಂಗಡಿಯವರ ಮುಂದೆ "ಎಂಟು ವರ್ಷದವರಿಗೆ ಏನಾದ್ರೂ ಇದೆಯಾ?" ಎನ್ನುವ ಬದಲು "ದಾರಿ ತಪ್ಪಿದವರ ಕಥೆ ಯಾವುದಿದೆ?" ಎಂದು ಕೇಳಬಹುದು.